ನಗರದ ತಂಪಿಗೂ ಲೆಕ್ಕ ಬೇಕು

ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಮರ್ಥಿಸುವವರು ಏರುತ್ತಿರುವ ವಿದ್ಯುತ್ ಬೇಡಿಕೆಯತ್ತ ಬೆರಳು ತೋರಿಸುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರುಗಳು ಮುಳುಗಿದ್ದೂ ಬೆಳಕಿನ ಹೆಸರಿನಲ್ಲಿಯೇ. ಆದರೆ ಬೇಡಿಕೆ ಎಂಬುದು ಮಳೆಯಂತೆ ತಾನಾಗಿ ಸುರಿಯುವುದಲ್ಲ. ಅದು ಎಲ್ಲಿ ಹುಟ್ಟುತ್ತದೆ, ಅದರಲ್ಲಿ ಅಗತ್ಯವೆಷ್ಟು, ಪೋಲು ಎಷ್ಟು ಎಂದು ಕೇಳುವ ಹಕ್ಕು ಮುಳುಗಡೆಯ ನೋವು ಉಂಡ ಮಲೆನಾಡಿಗೆ ಇದೆ.

ಈ ಬೇಡಿಕೆಯ ಒಂದು ದೊಡ್ಡ ಪಾಲು ನಗರಗಳ ಕಚೇರಿ, ಮಾಲ್, ಹೋಟೆಲ್ ಮತ್ತು ಆಸ್ಪತ್ರೆಗಳ ಹವಾನಿಯಂತ್ರಣ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಭಾರತ ಶೀತಲೀಕರಣ ಕ್ರಿಯಾಯೋಜನೆಯ ಅಂದಾಜಿನಂತೆ, ದೇಶದ ಒಟ್ಟು ಶೀತಲೀಕರಣದ ಬೇಡಿಕೆ 2017-18ಕ್ಕೆ ಹೋಲಿಸಿದರೆ 2037-38ರ ವೇಳೆಗೆ ಸುಮಾರು 8 ಪಟ್ಟಾಗಲಿದೆ. ಕಟ್ಟಡಗಳಲ್ಲಿ ಸುಮಾರು 11 ಪಟ್ಟು. ತಂಪಿಗೆ ಬೇಕಾದ ವಿದ್ಯುತ್ತಿನಲ್ಲಿ ಶೇ. 25ರಿಂದ 40ರಷ್ಟನ್ನು ಉಳಿಸುವ ಗುರಿಯೂ ಅದೇ ಯೋಜನೆಯಲ್ಲಿದೆ. ಗುರಿ ಸಾಧುವಾದದ್ದೇ. ಆದರೆ ಉಳಿತಾಯ ನಿರ್ಧಾರವಾಗುವುದು ಕಾಗದದ ಮೇಲಲ್ಲ, ಕಟ್ಟಡದ ತಾರಸಿಯ ಮೇಲೆ ಮತ್ತು ಒಳಮಾಳಿಗೆಯ ಯಂತ್ರಕೋಣೆಯಲ್ಲಿ.

ಅಲ್ಲಿ ನಡೆಯಬೇಕಾದ ಕೆಲಸಕ್ಕೆ ಎಂಜಿನಿಯರುಗಳು ಕಮಿಷನಿಂಗ್ ಎನ್ನುತ್ತಾರೆ. ಅಳವಡಿಸಿದ ವ್ಯವಸ್ಥೆ ವಿನ್ಯಾಸದಲ್ಲಿ ಹೇಳಿದಂತೆಯೇ ನಡೆಯುತ್ತಿದೆಯೇ ಎಂದು ಅಳೆದು, ಸರಿಪಡಿಸಿ, ದಾಖಲಿಸುವುದೇ ಇದರ ಸಾರ. ಗುಂಡಿ ಒತ್ತಿದಾಗ ತಣ್ಣನೆಯ ಗಾಳಿ ಬಂದರೆ ಕೆಲಸ ಮುಗಿಯಿತೆಂದು ಬಿಲ್ಲು ಪಾವತಿಸುವುದು ಕಮಿಷನಿಂಗ್ ಅಲ್ಲ.

ಕೃಷಿಕರಿಗೆ ಇದು ಅಪರಿಚಿತ ವಿಷಯವೇನಲ್ಲ. ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಿದವರು ಪಂಪು ತಿರುಗಿದ್ದನ್ನು ನೋಡಿ ಮನೆಗೆ ಹೋಗುವುದಿಲ್ಲ. ಕೊನೆಯ ಸಾಲಿನ ಕೊನೆಯ ಮರದ ಬುಡಕ್ಕೆ ನೀರು ಬೀಳುತ್ತಿದೆಯೇ ಎಂದು ನಡೆದು ನೋಡುತ್ತಾರೆ. ಪಂಪಿನ ಹತ್ತಿರದ ಸಾಲಿಗೆ ಹೆಚ್ಚು, ದೂರದ ಸಾಲಿಗೆ ಕಡಿಮೆ ನೀರು ಹೋಗುತ್ತಿದ್ದರೆ ವಾಲ್ವ್ ತಿರುಗಿಸಿ ಸಮ ಮಾಡುತ್ತಾರೆ. ದೊಡ್ಡ ಕಟ್ಟಡದಲ್ಲಿ ಚಿಲ್ಲರ್ ಯಂತ್ರದಿಂದ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಟು, ಸುಮಾರು 12 ಡಿಗ್ರಿಯಾಗಿ ಮರಳುವ ನೀರಿನದೂ ಇದೇ ಕಥೆ. ಹತ್ತಿರದ ಮಹಡಿಗೆ ಅತಿಯಾಗಿ ಹರಿದರೆ ದೂರದ ಮಹಡಿ ಸೆಕೆಯಲ್ಲಿ ಬೇಯುತ್ತದೆ. ದೂರು ಬಂದಾಗ ಮಾಡುವುದೇನು? ಇನ್ನೊಂದು ಪಂಪು ಚಾಲೂ ಮಾಡುತ್ತಾರೆ, ಚಿಲ್ಲರನ್ನು ಇನ್ನಷ್ಟು ತಣ್ಣಗಾಗಿಸುತ್ತಾರೆ. ತಪ್ಪು ಹಾಗೆಯೇ ಉಳಿಯುತ್ತದೆ, ವಿದ್ಯುತ್ ಮಾತ್ರ ಹೆಚ್ಚು ಸುಡುತ್ತದೆ.

ಕ್ರಮಬದ್ಧ ಪರೀಕ್ಷೆಯಲ್ಲಿ ಪ್ರತಿ ಕಿಂಡಿಯಿಂದ ಬರುವ ಗಾಳಿಯನ್ನೂ ಪ್ರತಿ ಕವಲಿನ ನೀರನ್ನೂ ಅಳೆಯಬೇಕು. ಗಾಳಿನಾಳಗಳ ಸೋರಿಕೆ ಪರೀಕ್ಷಿಸಬೇಕು. ಸೆನ್ಸರ್ ತೋರಿಸುವ ಉಷ್ಣತೆಯನ್ನು ನಂಬಲರ್ಹ ಮಾಪಕದೊಂದಿಗೆ ಹೋಲಿಸಬೇಕು. ಕಿಟಕಿಯ ಬಿಸಿಲಿಗೆ ಒಡ್ಡಿಕೊಂಡ ಒಂದು ಸೆನ್ಸರ್ ಇಡೀ ಮಹಡಿಯನ್ನು ವಿನಾಕಾರಣ ತಂಪಾಗಿಸುತ್ತಿರಬಲ್ಲದು. ಹೊರಗಾಳಿಯ ಡ್ಯಾಂಪರ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಮುಚ್ಚಬೇಕಾದ ವಾಲ್ವ್ ಮುಚ್ಚದೆ, ಈಗಷ್ಟೇ ತಂಪಾದ ಗಾಳಿಯನ್ನು ಹೀಟರ್ ಮತ್ತೆ ಬಿಸಿಮಾಡುತ್ತಿರಬಹುದು. ಫ್ಯಾನಿನ ವೇಗವನ್ನು ಶೇ. 80ಕ್ಕೆ ಇಳಿಸಿದರೆ ತತ್ವಶಃ ಅದರ ವಿದ್ಯುತ್ ಬಳಕೆ ಅರ್ಧದಷ್ಟಕ್ಕೆ ಇಳಿಯುತ್ತದೆ. ಆದರೆ ವೇಗ ತಗ್ಗಿಸುವ ಸಾಧನವನ್ನು ಕೊಂಡು ತಂದೂ ಪೂರ್ಣ ವೇಗದಲ್ಲೇ ಓಡಿಸಿದರೆ ಫಲವೇನು?

ಇಂಥ ದೋಷಗಳ ಸ್ವಭಾವವೇ ಅಡಗಿರುವುದು. ಯಂತ್ರ ನಿಂತರೆ ಎಲ್ಲರಿಗೂ ತಿಳಿಯುತ್ತದೆ. ವ್ಯರ್ಥವಾಗಿ ದುಡಿದರೆ ಯಾರಿಗೂ ತಿಳಿಯುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ 643 ಕಟ್ಟಡಗಳ ಕಮಿಷನಿಂಗ್ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಹತ್ತು ಸಾವಿರಕ್ಕೂ ಮಿಕ್ಕ ಇಂಥ ಕೊರತೆಗಳು ಬೆಳಕಿಗೆ ಬಂದವು. ಅವನ್ನು ಸರಿಪಡಿಸಿದ್ದರಿಂದ ಆದ ಇಂಧನ ಉಳಿತಾಯದ ಮಧ್ಯಾಂಕ ಹಳೆಯ ಕಟ್ಟಡಗಳಲ್ಲಿ ಶೇ. 16, ಹೊಸದರಲ್ಲಿ ಶೇ. 13. ಹಳೆಯ ಕಟ್ಟಡಗಳಲ್ಲಿ ಖರ್ಚು ಸುಮಾರು ಒಂದೇ ವರ್ಷದಲ್ಲಿ ಹಿಂದಿರುಗಿತ್ತು. ಇಲ್ಲಿಯ ಅಂಕಿ ಬೇರೆಯಾಗಬಹುದು. ಅಳೆಯದೆ ಅದು ತಿಳಿಯುವುದು ಹೇಗೆ?

ನಷ್ಟ ವಿದ್ಯುತ್ತಿಗೆ ಮಾತ್ರ ಸೀಮಿತವಲ್ಲ. ಕೂಲಿಂಗ್ ಟವರ್ ಜೋಡಿಸಿದ 500 ಟನ್ ಸಾಮರ್ಥ್ಯದ ಚಿಲ್ಲರ್ ಪೂರ್ಣ ಹೊರೆಯಲ್ಲಿ ಹತ್ತು ಗಂಟೆ ನಡೆದರೆ ಸುಮಾರು 30,000 ಲೀಟರ್ ನೀರು ಆವಿಯಾಗಿ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದ ಬೆಂಗಳೂರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಚಿಲ್ಲರುಗಳಲ್ಲಿ ಬಳಸುವ ಆರ್-134ಎ ಎಂಬ ಶೀತಕ ಅನಿಲ, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,300ರಿಂದ 1,500 ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲದು. ಕೊಳವೆಗಳಿಗೆ ಒಣ ನೈಟ್ರೋಜನ್ ತುಂಬಿ ಒತ್ತಡದಲ್ಲಿ ಸೋರಿಕೆ ನೋಡುವುದು, ನಿರ್ವಾತಗೊಳಿಸಿದ ಬಳಿಕವೇ ಅನಿಲ ತುಂಬುವುದು ಈ ಪರೀಕ್ಷೆಯ ಭಾಗವೇ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಆ ಮಾತು ಉಳಿಯಬೇಕಾದರೆ ಈ ಕೆಲಸ ಚೊಕ್ಕವಾಗಿ ನಡೆಯಬೇಕು.

ನಿಯಮವೇ ಇಲ್ಲ ಎನ್ನುವಂತಿಲ್ಲ. 2007ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲಿಯೇ ಗಾಳಿ ಮತ್ತು ನೀರಿನ ಹರಿವನ್ನು ಸಮತೋಲನಗೊಳಿಸಬೇಕೆಂದೂ, 500 ಚದರ ಮೀಟರಿಗೆ ಮೀರಿದ ಹವಾನಿಯಂತ್ರಿತ ಪ್ರದೇಶಕ್ಕೆ ಲಿಖಿತ ವರದಿ ನೀಡಬೇಕೆಂದೂ ಇತ್ತು. ಆದರೆ ಆ ವರದಿ ಸೇರುವುದು ಮಾಲೀಕನ ಕಡತವನ್ನು. ಸಾರ್ವಜನಿಕ ನದಿಯ ನೀರು, ಸಾರ್ವಜನಿಕ ಕಾಡಿನ ಭೂಮಿ ಬಳಸಿ ಉತ್ಪಾದಿಸಿದ ವಿದ್ಯುತ್ತಿಗೆ ಖಾಸಗಿ ಕಡತದ ಲೆಕ್ಕ ಸಾಲದು.

ಆದ್ದರಿಂದ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮುನ್ನ ಸ್ಥಳೀಯ ಸಂಸ್ಥೆಗಳು ಈ ಪರೀಕ್ಷಾ ವರದಿಯನ್ನು ಕೇಳಬೇಕು. ಪರೀಕ್ಷಿಸುವವರು ಗುತ್ತಿಗೆದಾರರಿಂದ ಸ್ವತಂತ್ರರಾಗಿರಬೇಕು. ಖಾಲಿ ಕಟ್ಟಡದಲ್ಲಿ ಒಮ್ಮೆ ನೋಡಿದರೆ ಸಾಲದು. ಜನ ತುಂಬಿದ ಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಮರುಪರೀಕ್ಷೆ ನಡೆಯಬೇಕು. ಸರ್ಕಾರಿ ಕಟ್ಟಡಗಳು ಮೊದಲು ತಮ್ಮ ವರದಿಯನ್ನು ಜನರ ಮುಂದಿಡಬೇಕು.

ಪಡುವಣ ಬಿಸಿಲಿಗೆ ಗಾಜಿನ ಗೋಡೆ ಕಟ್ಟುವ ಅವಿವೇಕವನ್ನು ಯಾವ ಪರೀಕ್ಷೆಯೂ ಅಳಿಸಲಾರದು, ನಿಜ. ಆಸ್ಪತ್ರೆಯ ಶಸ್ತ್ರಕ್ರಿಯಾ ಕೊಠಡಿಗೆ ತಂಪು ಬೇಡವೆಂದು ಯಾರೂ ಹೇಳುವುದಿಲ್ಲ. ಇರುವ ಯಂತ್ರಗಳು ಎಷ್ಟು ಪೋಲು ಮಾಡುತ್ತಿವೆ ಎಂಬ ಲೆಕ್ಕವನ್ನೇ ಕೊಡದೆ ಇನ್ನೊಂದು ಕಣಿವೆಯನ್ನು ಕೇಳಲು ಬರಬಾರದು, ಮಲೆನಾಡು ಹೇಳುವುದು ಇಷ್ಟೇ.