ಮನೆಯೊಳಗಣ ಮಾತು: ಸೋಮವಾರ ಸಂಜೆಯ ಸಭೆ



ಈ ತಿಂಗಳ ಅಂಕಣಕ್ಕೆ ವಿಷಯವನ್ನು ಹುಡುಕುವ ಶ್ರಮವನ್ನು ಸಹೋದರಿಯೊಬ್ಬರು ತಪ್ಪಿಸಿದ್ದಾರೆ. ಅವರ ಪತ್ರದ ಸಾರ ಇಷ್ಟು: ಪತಿಯವರದು ಪಂಪ್‌ಸೆಟ್ಟಿನ ಅಂಗಡಿ. ಕಳೆದ ಜುಲೈಯಿಂದ ಊರಿನ ರೋಟರಿ ಕ್ಲಬ್ಬಿನ ಸದಸ್ಯರಾಗಿದ್ದಾರೆ. ಪ್ರತಿ ಸೋಮವಾರ ಸಂಜೆ ಏಳೂವರೆಗೆ ಅಂಗಿಯ ಮೇಲೊಂದು ಚಕ್ರದ ಬಿಲ್ಲೆಯನ್ನು ಸಿಕ್ಕಿಸಿಕೊಂಡು ಹೊರಟುಬಿಡುತ್ತಾರೆ. ಶಿವನ ವಾರವೆಂದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡುತ್ತಿದ್ದ ಪೂಜೆಯೂ ಪ್ರಸಾದವೂ ಈಗ ಅವರಿಲ್ಲದೆ ನಡೆಯುತ್ತಿವೆ. ಮಾವನವರ ಕಿವಿಗೆ 'ಕ್ಲಬ್ಬು' ಎಂಬ ಶಬ್ದ ಬಿದ್ದೊಡನೆ ಇಸ್ಪೀಟಿನ ಎಲೆಗಳು ಕಣ್ಣ ಮುಂದೆ ಬರುತ್ತವೆ. ಇಸ್ಪೀಟಿನ ಬೆನ್ನಿಗೆ ಬರುವ ಇನ್ನೊಂದು ಚಟವೂ ನೆನಪಾಗುತ್ತದೆ. "ವಾರ ವಾರವೂ ಅಲ್ಲಿ ನಡೆಯುವುದಾದರೂ ಏನು? ಸೇವೆ ಮಾಡಬೇಕೆಂದರೆ ಮಠದ ದಾಸೋಹ ಸಾಲದೆ?" ಎಂದು ಆ ತಾಯಿ ಕೇಳಿದ್ದಾರೆ.

ಕೇಳಬೇಕಾದವರನ್ನೇ ಕೇಳಿದ್ದೀರಿ, ತಾಯೀ. ಇಂತಹ ಒಂದು ಸೇವಾ ಸಂಸ್ಥೆಯಲ್ಲಿ ಹಲವು ವರ್ಷ ಕುಳಿತೆದ್ದವನು ನಾನು. ಆಗ ನಮ್ಮ ಮನೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಅದಕ್ಕೆ ಸರಿಯಾದ ಉತ್ತರ ಕೊಡಲು ನನಗೆ ಬಹುಕಾಲ ಹಿಡಿಯಿತು.

ಮೊದಲು ಸಭೆಯ ವಿಚಾರ. ಅಧ್ಯಕ್ಷರು ಮೇಜಿನ ಮೇಲಿರುವ ಗಂಟೆಯನ್ನು ಬಾರಿಸುತ್ತಾರೆ. ಪ್ರಾರ್ಥನೆಯಾಗುತ್ತದೆ. ಆ ವಾರ ಯಾರ ಹುಟ್ಟುಹಬ್ಬ, ಯಾರ ವಿವಾಹದ ವಾರ್ಷಿಕೋತ್ಸವ ಎಂದು ಓದಿ ಶುಭ ಕೋರುತ್ತಾರೆ. ಕಾರ್ಯದರ್ಶಿಗಳು ಮುಂದಿನ ಕಾರ್ಯಕ್ರಮಗಳನ್ನು ತಿಳಿಸುತ್ತಾರೆ: ರಕ್ತದಾನ ಶಿಬಿರಕ್ಕೆ ಹೆಸರು ಕೊಡಬೇಕಾದವರು, ಸರಕಾರಿ ಶಾಲೆಗೆ ಬೆಂಚು ಮಾಡಿಸುವ ಲೆಕ್ಕ, ಇತ್ಯಾದಿ. ಬಳಿಕ ಅತಿಥಿಯೊಬ್ಬರ ಉಪನ್ಯಾಸ. ಒಂದು ವಾರ ಹೃದ್ರೋಗ ತಜ್ಞರು, ಇನ್ನೊಂದು ವಾರ ದ್ರಾಕ್ಷಿ ಬೆಳೆಗಾರರು. ವಂದನಾರ್ಪಣೆ, ಗಂಟೆ, ಊಟ. ಬಿಲ್ಲೆಯನ್ನು ಮರೆತು ಬಂದವರಿಗೆ ಸಾರ್ಜೆಂಟ್ ಎಂಬ ಪದಾಧಿಕಾರಿ ಸಣ್ಣದೊಂದು ದಂಡ ಹಾಕುವುದುಂಟು. ಎಲ್ಲರೂ ನಗುತ್ತಾರೆ, ಹಣ ಡಬ್ಬಿಗೆ ಬೀಳುತ್ತದೆ. ಅತಿಥಿಯ ಮಾತು ನೀರಸವಾದಾಗ ತೂಕಡಿಸಿದ್ದೂ ಉಂಟೆಂದು ಒಪ್ಪಿಕೊಳ್ಳುತ್ತೇನೆ. ಇಸ್ಪೀಟನ್ನು ಮಾತ್ರ ಅಲ್ಲಿ ಕಂಡದ್ದಿಲ್ಲ. ಮಾವನವರಿಗೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ವಾರಕ್ಕೊಮ್ಮೆಯೇ ಏಕೆ ಎಂಬುದಕ್ಕೆ ಹಿನ್ನೆಲೆಯುಂಟು. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಕೂಡಿದರು. ಒಬ್ಬರು ಕಲ್ಲಿದ್ದಲಿನ ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಇನ್ನೊಬ್ಬರು ದರ್ಜಿ. ಸಣ್ಣ ಊರುಗಳಿಂದ ದೊಡ್ಡ ನಗರಕ್ಕೆ ಬಂದವರಿಗೆ ಸ್ನೇಹದ ಹಸಿವಿತ್ತು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ, ಅಂಗಡಿಯಲ್ಲಿ ಸೇರುತ್ತಿದ್ದುದರಿಂದಲೇ 'ರೋಟರಿ' ಎಂಬ ಹೆಸರು ಬಂದಿತು. ಆರಂಭದಲ್ಲಿ ಅವರು ತಮ್ಮ ತಮ್ಮ ವ್ಯಾಪಾರಕ್ಕೆ ಪರಸ್ಪರ ನೆರವಾಗುವುದನ್ನೇ ದೊಡ್ಡ ಕಾರ್ಯವೆಂದು ತಿಳಿದಿದ್ದರು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬುವರನ್ನು ಸದಸ್ಯರಾಗಲು ಕರೆದಾಗ, ತನ್ನವರಿಗೆ ಮಾತ್ರ ಲಾಭ ಮಾಡುವ ಕೂಟಕ್ಕೆ ಭವಿಷ್ಯವಿಲ್ಲ, ಊರಿಗೂ ಏನಾದರೂ ಮಾಡಬೇಕೆಂದು ಅವರು ನಿರಾಕರಿಸಿದರು. ಹೊರಗಿನವನೊಬ್ಬನ ಈ ಆಕ್ಷೇಪವೇ ಸಂಸ್ಥೆಯ ದಿಕ್ಕನ್ನು ಬದಲಿಸಿತು. 1907ರಲ್ಲಿ ಅವರು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕಾರ್ಯ ಯಾವುದೆಂದು ಬಲ್ಲಿರಾ? ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು! ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದಲ್ಲಿ ನಿಂತು ಈ ಮಾತನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಭಾರತಕ್ಕೆ ಈ ಚಳವಳಿ 1919ರಲ್ಲಿ ಕಲ್ಕತ್ತೆಯ ಮೂಲಕ ಬಂದಿತು.

ಹಾಜರಾತಿಯ ನಿಯಮ ಹಿಂದೆ ಬಹಳ ಕಠಿಣವಾಗಿತ್ತು. ಒಂದು ಸಭೆ ತಪ್ಪಿದರೆ ಹದಿನಾಲ್ಕು ದಿನಗಳೊಳಗೆ ಬೇರೆ ಊರಿನ ಕ್ಲಬ್ಬಿನಲ್ಲಾದರೂ ಕುಳಿತು ಅದನ್ನು ತುಂಬಿಕೊಡಬೇಕಾಗಿತ್ತು. ಮಗಳ ಮನೆಗೆ ಹೋದವರು ಅಲ್ಲಿನ ಸಭೆಗೆ ಹೋಗಿ ಚೀಟಿ ತರುತ್ತಿದ್ದುದನ್ನು ಕಂಡು ನಾವು ನಗುತ್ತಿದ್ದೆವು. 2016ರಲ್ಲಿ ರೋಟರಿಯ ಶಾಸನ ಮಂಡಲಿಯು ನಿಯಮವನ್ನು ಸಡಿಲಿಸಿ, ತಿಂಗಳಿಗೆ ಎರಡು ಸಭೆಗಳಾದರೂ ಸಾಕೆಂದು ಅವಕಾಶ ಮಾಡಿಕೊಟ್ಟಿತು. ಆದುದರಿಂದ, ತಾಯೀ, ವಾರವನ್ನು ಬದಲಿಸಿರೆಂದೋ ಹದಿನೈದು ದಿನಕ್ಕೊಮ್ಮೆ ಸೇರಿರೆಂದೋ ಕೇಳುವುದು ಅಪರಾಧವಲ್ಲ. ಆದರೂ ವಾರದ ಸಭೆಯ ಪಕ್ಷವನ್ನು ನಾನು ವಹಿಸುವುದು ಒಂದು ಅನುಭವದ ಬಲದಿಂದ.

1979ರಲ್ಲಿ ಫಿಲಿಪೈನ್ಸ್ ದೇಶದ ಮಕ್ಕಳಿಗೆ ಪೋಲಿಯೋ ಲಸಿಕೆ ಕೊಡುವ ಕಾರ್ಯದಲ್ಲಿ ಕೈಜೋಡಿಸಿದ ರೋಟರಿಯು 1985ರಲ್ಲಿ ಅದನ್ನೇ ಜಗತ್ತಿನ ಸಂಕಲ್ಪವನ್ನಾಗಿ ಮಾಡಿಕೊಂಡಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಲಸಿಕೆ ಸರಕಾರದ್ದು, ದಾದಿಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಸರಕಾರದವರು. ಜನರನ್ನು ಕರೆತರುವುದು, ಬೂತಿಗೆ ಮೇಜು ನೆರಳು ಒದಗಿಸುವುದು, ವಾಹನ, ಊಟ ಇವುಗಳಿಗೆ ನಾವು.

ಒಂದು ಭಾನುವಾರ ನಮ್ಮ ಪಾಲಿಗೆ ಸಕ್ಕರೆ ಕಾರ್ಖಾನೆಯ ಹೊರವಲಯ ಬಂದಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಯಿಂದ ಬಂದ ಕುಟುಂಬಗಳು ಹೊಲದ ಬದುವಿನಲ್ಲಿ ಗುಡಿಸಲು ಹಾಕಿದ್ದವು. ಬೂತಿಗೆ ಅವರ ಒಂದು ಕೂಸೂ ಬಂದಿರಲಿಲ್ಲ. ಹೋಗಿ ಕರೆದರೆ ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಆ ಹನಿಯಿಂದ ಜ್ವರ ಬರುತ್ತದೆಂದು ಯಾರೋ ಹೇಳಿದ್ದರಂತೆ. ನಮ್ಮೊಡನಿದ್ದ ವೈದ್ಯರು ಕನ್ನಡದಲ್ಲಿ ವಿವರಿಸಿದರು. ನಾನು ಹರಕು ಹಿಂದಿಯಲ್ಲಿ ವಿವರಿಸಿದೆ. ಫಲವಿಲ್ಲ. ನಮ್ಮ ತಂಡದಲ್ಲಿ ಒಬ್ಬ ಬಟ್ಟೆ ವ್ಯಾಪಾರಿಗಳಿದ್ದರು. ವಾರದ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು, ಒಂದು ಮಾತನ್ನೂ ಆಡದೆ ಉಂಡೆದ್ದು ಹೋಗುವವರು. ಇವರಿಂದೇನು ಪ್ರಯೋಜನವೆಂದು ನಾನು ಮನಸ್ಸಿನಲ್ಲಿ ಎಣಿಸಿದ್ದವನೇ. ಅವರು ಮುಂದೆ ಬಂದು ಒಬ್ಬ ಮುದುಕಿಯನ್ನು ಮರಾಠಿಯಲ್ಲಿ ಮಾತನಾಡಿಸಿದರು. ಹಂಗಾಮು ಮುಗಿದು ಊರಿಗೆ ಮರಳುವಾಗ ಆ ಮುದುಕಿ ಸೀರೆ ಕೊಳ್ಳುತ್ತಿದ್ದುದು ಇವರ ಅಂಗಡಿಯಲ್ಲಿಯೇ! "ಸೇಠಜೀ ಹೇಳುತ್ತಾರೆಂದರೆ ಸುಳ್ಳಿರಲಾರದು" ಎಂದು ಆಕೆ ತನ್ನ ಮೊಮ್ಮಗನ ಬಾಯಿಯನ್ನು ತಾನೇ ತೆರೆದು ಹಿಡಿದಳು. ಆಮೇಲೆ ಗುಡಿಸಲು ಗುಡಿಸಲಿನಿಂದ ಮಕ್ಕಳು ಬಂದರು. ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚಿ ಹಚ್ಚಿ ನನ್ನ ಕೈಯೂ ಕಪ್ಪಾಯಿತು.

ತಕ್ಕಡಿ ಸರಿಯಾಗಿ ಹಿಡಿದ ವ್ಯಾಪಾರಿಯ ಮಾತಿಗೆ ಆ ದಿನ ವೈದ್ಯರ ವಿದ್ಯೆಗಿಂತ ಹೆಚ್ಚು ಬೆಲೆ ಬಂದಿತು. ನಮ್ಮ ಹಿರಿಯರು ಕಾಯಕವೆಂದದ್ದು ಇದಕ್ಕೇ ಅಲ್ಲವೇ? ಆ ವ್ಯಾಪಾರಿಗಳನ್ನು ಅಂದು ಅಲ್ಲಿಗೆ ಕರೆತಂದದ್ದು ವಾರದ ಸಭೆ. ವರ್ಷಕ್ಕೊಮ್ಮೆ ಸೇರುವವರಿಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಏಳೆಂದು ಹೇಳಿದರೆ ಏಳುವುದಿಲ್ಲ. 2009ರಲ್ಲಿಯೂ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ತಗುಲಿತ್ತು. ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಲದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮ್ಮ ದೇಶವೂ ಒಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ದಿನ ಮೊದಲು ನನಗೆ ನೆನಪಾದದ್ದು ಆ ಮುದುಕಿಯೇ.

ಇಷ್ಟು ಹೊಗಳಿದ ಮೇಲೆ ದೋಷವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಸೇವಾ ಸಂಸ್ಥೆಗಳಿಗೆ ಛಾಯಾಚಿತ್ರದ ಚಪಲ ಬಹಳ. ಒಂದು ನೋಟುಬುಕ್ಕನ್ನು ಐವರು ಹಿಡಿದು, ಪಡೆಯುವ ಬಾಲಕನನ್ನು ಕ್ಯಾಮರಾದ ಕಡೆಗೆ ತಿರುಗಿಸಿ ನಿಲ್ಲಿಸುವ ದೃಶ್ಯವನ್ನು ನೀವೂ ಕಂಡಿರಬಹುದು. ನಾನೂ ಆ ಐವರಲ್ಲಿ ಒಬ್ಬನಾಗಿ ನಿಂತಿದ್ದೇನೆ. ಇಂದು ನೆನೆದರೆ ನಾಚಿಕೆಯಾಗುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿದವರು ಆಯ್ದಕ್ಕಿ ಲಕ್ಕಮ್ಮನವರು. ಅಂತಹ ಲಕ್ಕಮ್ಮನೊಬ್ಬಳು ಪ್ರತಿ ಕ್ಲಬ್ಬಿನಲ್ಲಿಯೂ ಇರಬೇಕಿತ್ತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇನ್ನೊಂದು ಕೊರತೆ: ಎಲ್ಲ ವೃತ್ತಿಯವರೂ ಇರಬೇಕೆಂಬುದು ಇಂತಹ ಕೂಟಗಳ ಮೂಲ ಆಶಯವಾದರೂ, ನಾನು ಕಂಡ ಸಭೆಗಳಲ್ಲಿ ವೈದ್ಯರು, ವಕೀಲರು, ವರ್ತಕರೇ ತುಂಬಿದ್ದರು. ಅಂಬಿಗರ ಚೌಡಯ್ಯನವರೂ ಮಡಿವಾಳ ಮಾಚಯ್ಯನವರೂ ಸಮನಾಗಿ ಕುಳಿತ ಅನುಭವ ಮಂಟಪದ ವಾರಸುದಾರರಾದ ನಾವು ಅಲ್ಲಿ ಸುಮ್ಮನೆ ಕುಳಿತಿರಬಾರದಿತ್ತು.

ಮಠದ ದಾಸೋಹ ಸಾಲದೇ ಎಂದಿದ್ದೀರಿ. ಮಠದಲ್ಲಿ ನಾವು ನಮ್ಮವರೊಡನೆ ಕೂಡುತ್ತೇವೆ. ಅಲ್ಲಿ ನಮ್ಮ ಪಕ್ಕದಲ್ಲಿ ಬೇರೆ ಮತದ, ಬೇರೆ ಭಾಷೆಯ ನೆರೆಯವನು ಕುಳಿತಿರುತ್ತಾನೆ. ಎರಡೂ ಬೇಕು.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಸೋಮವಾರದ ಪೂಜೆಯನ್ನು ಬೆಳಗಿನ ಹೊತ್ತಿಗೆ ತಂದುಕೊಳ್ಳಿರಿ. ಇಷ್ಟಲಿಂಗ ಪೂಜೆಗೆ ಅದು ಒಳ್ಳೆಯ ವೇಳೆಯೇ. ಚಂದಾ ಮತ್ತು ಊಟದ ಲೆಕ್ಕವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆಯಲು ಯಜಮಾನರಿಗೆ ತಿಳಿಸಿರಿ. ಇನ್ನು ನೀವೇ ಏಕೆ ಹೊರಗಿರಬೇಕು? ಅಕ್ಕಮಹಾದೇವಿಯವರು ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪಕ್ಕೆ ಬಂದರು; ರೋಟರಿಯು ಮಹಿಳೆಯರಿಗೆ ಬಾಗಿಲು ತೆರೆದದ್ದು 1989ರಲ್ಲಿ. ತಡವಾಯಿತಾದರೂ ತೆರೆದಿದೆ. ಮುಂದಿನ ಸಭೆಗೆ ಅತಿಥಿಯಾಗಿ ಒಮ್ಮೆ ಹೋಗಿ ಬನ್ನಿರಿ. ಮಾವನವರು ಬರುವುದಾದರೆ ಅವರನ್ನೂ ಕರೆದುಕೊಂಡು ಹೋಗಿರಿ.

ಆಮೇಲೆ ಯಜಮಾನರು ಸಭೆಯಿಂದ ಬಂದ ರಾತ್ರಿ, ಇಂದು ಯಾರು ಮಾತನಾಡಿದರು, ಏನು ಹೇಳಿದರು ಎಂದು ವಿಚಾರಿಸಿರಿ. ಸತತವಾಗಿ ಮೂರು ವಾರ ಅವರಿಗೆ ಉತ್ತರ ಹೊಳೆಯದಿದ್ದರೆ ನನಗೆ ಮತ್ತೊಂದು ಪತ್ರ ಬರೆಯಿರಿ.