ದಿಲ್ಲಿಯ ನೀರು: ಶುದ್ಧಿಯಾಗಬೇಕಾದುದು ಎಲ್ಲಿ?

ಯಮುನೆಯಲ್ಲಿ ಅಮೋನಿಯ ಏರಿದೆ, ವಜೀರಾಬಾದ್ ಮತ್ತು ಚಂದ್ರಾವಲ್ ಶುದ್ಧೀಕರಣ ಕೇಂದ್ರಗಳು ತಮ್ಮ ಕೆಲಸವನ್ನು ತಗ್ಗಿಸಿವೆ, ಇಂತಿಂಥ ಬಡಾವಣೆಗಳಿಗೆ ನೀರು ಕಡಮೆಯಾಗುವುದು — ಈ ವಾರ್ತೆಯು ದಿಲ್ಲಿಯ ಜನರಿಗೆ ಹೊಸತಲ್ಲ. ಬಹುಮಟ್ಟಿಗೆ ಪ್ರತಿ ಚಳಿಗಾಲದಲ್ಲಿಯೂ ಅದನ್ನು ಓದುತ್ತಲೇ ಬಂದಿದ್ದೇವೆ. ವಾರ್ತೆಯ ಬೆನ್ನಿಗೇ ದಿಲ್ಲಿಯು ಹರಿಯಾಣವನ್ನೂ ಹರಿಯಾಣವು ದಿಲ್ಲಿಯನ್ನೂ ದೂರುವುದು ವಾಡಿಕೆಯಾಗಿತ್ತು. 2021ರ ಜನವರಿಯಲ್ಲಿ ಈ ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು. 2025ರ ಜನವರಿಯಲ್ಲಿ, ವಿಧಾನಸಭೆಯ ಚುನಾವಣೆಯ ಕಾವಿನಲ್ಲಿ, 'ವಿಷ' ಎಂಬ ಶಬ್ದವೇ ಪ್ರಯೋಗವಾಗಿ, ಚುನಾವಣಾ ಆಯೋಗವು ಆಧಾರ ಕೇಳುವಷ್ಟರ ಮಟ್ಟಿಗೆ ಮಾತು ಬೆಳೆಯಿತು. ಆ ಚುನಾವಣೆಯ ತರುವಾಯ ಎರಡು ರಾಜ್ಯಗಳಲ್ಲಿಯೂ ಒಂದೇ ಪಕ್ಷದ ಸರಕಾರ ಬಂದಿತು. ದೂರುವುದಕ್ಕೆ ಈಗ ಎದುರು ಪಕ್ಷವಿಲ್ಲ. ಕೆಲಸ ಮಾತ್ರ ಉಳಿದಿದೆ.

ಯಾರ ತಪ್ಪು ಎಷ್ಟೆಂದು ಅಳೆಯುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಕೆಟ್ಟ ನೀರನ್ನು ಒಳ್ಳೆಯದು ಮಾಡುವ ವಿದ್ಯೆಯಲ್ಲಿ ಎಂಜಿನಿಯರರು ಏಳು ದಶಕಗಳಿಂದ ಕಲಿತಿರುವ ಪಾಠವೊಂದಿದೆ. ಆ ಪಾಠದ ಮೊದಲ ಅಧ್ಯಾಯವು ಇದೇ ದಿಲ್ಲಿಯಲ್ಲಿ ನಡೆದುದರಿಂದ ಅದನ್ನು ವಾಚಕರ ಮುಂದಿಡುವುದು ಅಗತ್ಯವೆಂದು ಭಾವಿಸುತ್ತೇವೆ.

1955ರಲ್ಲಿ ಪ್ರವಾಹದ ಅನಂತರ ಯಮುನೆಯ ಪಾತ್ರವು ಸರಿಯಿತು. ನಗರದ ಕೊಳೆಯನ್ನು ಹೊತ್ತು ತರುವ ನಜಫಗಢ ಕಾಲುವೆಯ ನೀರು, ನವೆಂಬರ್ ತಿಂಗಳಲ್ಲಿ ಕೆಲವು ದಿನ ಹಿಮ್ಮುಖವಾಗಿ ಹರಿದು, ವಜೀರಾಬಾದಿನಲ್ಲಿ ಕುಡಿಯುವ ನೀರನ್ನೆತ್ತುವ ಸ್ಥಳವನ್ನೇ ಸೇರಿತು. ಕೇಂದ್ರದವರು ಕಣ್ಣುಮುಚ್ಚಿ ಕುಳಿತಿರಲಿಲ್ಲ. ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದರ ಫಲವಾಗಿ ಟೈಫಾಯ್ಡು, ಆಮಶಂಕೆಗಳು ಹೆಚ್ಚಲಿಲ್ಲ. ಆದರೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಸುಮಾರು 29,300 ಮಂದಿ ಕಾಮಾಲೆಗೆ ತುತ್ತಾದರು. ಗರ್ಭಿಣಿಯರಿಗೆ ರೋಗವು ವಿಶೇಷವಾಗಿ ಮಾರಕವಾಯಿತು. ದಶಕಗಳ ಮೇಲೆ, ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಅದು ಅಂದು ತಿಳಿದಿದ್ದ ಕಾಮಾಲೆಯಲ್ಲವೆಂಬುದು ಗೊತ್ತಾಯಿತು. ಇಂದು ಅದನ್ನು ಹೆಪಟೈಟಿಸ್ 'ಇ' ಎನ್ನುತ್ತಾರೆ. ಬ್ಯಾಕ್ಟೀರಿಯಗಳನ್ನು ಕೊಂದ ಕ್ಲೋರಿನ್ನು ಆ ಕೊಳೆಯ ನಡುವೆ ವೈರಸನ್ನು ಕೊಲ್ಲಲಾರದೆ ಹೋಗಿತ್ತು. ಒಂದು ಅಪಾಯವನ್ನು ಬಲ್ಲ ಕೇಂದ್ರವು ಇನ್ನೊಂದನ್ನು ಅರಿಯದೆ ಒಳಗೆ ಬಿಟ್ಟುಕೊಂಡಿತ್ತು. ಈ ಘಟನೆಯಾದ ಎರಡು ವರ್ಷಗಳಲ್ಲಿ, 1958ರಲ್ಲಿ, ನೀರು ಮತ್ತು ಒಳಚರಂಡಿಯ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯೊಂದು ನಾಗಪುರದಲ್ಲಿ ಸ್ಥಾಪಿತವಾಯಿತು. ಇಂದಿನ 'ನೀರಿ' ಸಂಸ್ಥೆಯೇ ಅದು.

ಇಂದಿನ ಅಮೋನಿಯದ ಪ್ರಶ್ನೆಯೂ ಇದರ ಮುಂದುವರಿಕೆಯೇ ಆಗಿದೆ. ಅಮೋನಿಯವು ಮಲಮೂತ್ರಗಳಿಂದಲೂ ಬಣ್ಣ ಮೊದಲಾದ ಕಾರಖಾನೆಗಳ ಹೊಲಸಿನಿಂದಲೂ ನದಿಗೆ ಬರುತ್ತದೆ. ಚಳಿಗಾಲದಲ್ಲಿ ಹರಿವು ಕಡಮೆಯಾದ್ದರಿಂದ ಅದು ತೆಳುವಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ಒಂದು ಮಿಲಿಗ್ರಾಮಿನ ಆಸುಪಾಸಿನವರೆಗೆ ದಿಲ್ಲಿಯ ಕೇಂದ್ರಗಳು ನಿಭಾಯಿಸಬಲ್ಲವು. 2025ರ ಜನವರಿಯಲ್ಲಿ ಅದು ಆರನ್ನೂ ಮೀರಿತ್ತೆಂದು ದಿಲ್ಲಿ ಜಲ ಮಂಡಳಿಯೇ ತಿಳಿಸಿತ್ತು. ಕ್ಲೋರಿನ್ನು ರೋಗಾಣುವನ್ನು ಮುಟ್ಟುವ ಮೊದಲು ಅಮೋನಿಯದೊಡನೆ ಕೂಡಿಕೊಂಡು ಕ್ಲೋರಮೈನ್ ಎಂಬ ದುರ್ಬಲ ವಸ್ತುವಾಗುತ್ತದೆ. ಒಂದು ಪಾಲು ಅಮೋನಿಯವನ್ನು ನೀಗಲು ಎಂಟು ಹತ್ತು ಪಾಲು ಕ್ಲೋರಿನ್ನು ವ್ಯಯವಾಗಬೇಕು. ಅದಾದ ಮೇಲಷ್ಟೇ ರೋಗಾಣುಗಳ ಸರದಿ. ಸುಮ್ಮನೆ ಕ್ಲೋರಿನ್ನನ್ನು ಸುರಿಯುತ್ತ ಹೋದರೆ, ಕೊಳೆತ ಪದಾರ್ಥಗಳೊಡನೆ ಅದು ಬೆರೆತು ಬೇರೆಯೇ ಹಾನಿಕರ ವಸ್ತುಗಳನ್ನು ಹುಟ್ಟಿಸುತ್ತದೆ. ಕೇಂದ್ರಗಳು ಕೆಲಸ ತಗ್ಗಿಸುವುದು ಸೋಮಾರಿತನದಿಂದಲ್ಲ, ಬೇರೆ ಮಾರ್ಗವಿಲ್ಲದೆ.

ಹಾಗಾದರೆ ನಿಸರ್ಗದ ಶೋಧಕವನ್ನೇ ಬಳಸಬಾರದೆ? ಈ ಪ್ರಶ್ನೆಗೆ ನಮ್ಮವರೊಬ್ಬರ ನೆನಪು ಸಹಜವಾಗಿ ಬರುತ್ತದೆ. ಸಿಂಧೂ ನದಿಯ ದಡದ ಸಕ್ಕರ್ ಪಟ್ಟಣಕ್ಕೆ ಕೆಸರಿಲ್ಲದ ನೀರನ್ನು ಕೊಡಬೇಕಾಗಿ ಬಂದಾಗ, ದೊಡ್ಡ ಶೋಧಕಗಳಿಗೆ ಪುರಸಭೆಯಲ್ಲಿ ಹಣವಿರಲಿಲ್ಲ. ಆಗ ಮುಂಬಯಿ ಸರಕಾರದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಸೋಸಿ ಬಂದ ತಿಳಿನೀರನ್ನು 1895ರ ಹೊತ್ತಿಗೆ ಊರಿಗೆ ಒದಗಿಸಿದರು. ದಿಲ್ಲಿಯ ಯಮುನಾ ದಡದಲ್ಲಿರುವ ರಾನೀ ಬಾವಿಗಳ ತತ್ತ್ವವೂ ಇಂಥದೇ. ಮರಳು ಕೆಸರನ್ನೂ ರೋಗಾಣುಗಳನ್ನೂ ಚೆನ್ನಾಗಿಯೇ ತಡೆಯುತ್ತದೆ. ಆದರೆ ದಿಲ್ಲಿಯ ನದೀತೀರದ ಬಾವಿಗಳಲ್ಲಿ ಭಾರತ ಮತ್ತು ಯೂರೋಪಿನ ಸಂಶೋಧಕರು ಕೂಡಿ ನಡೆಸಿದ ಅಧ್ಯಯನವು ಇನ್ನೊಂದು ಸಂಗತಿಯನ್ನು ಬಯಲುಮಾಡಿತು. ನದಿಯ ಅಮೋನಿಯವು ಅಂತರ್ಜಲವನ್ನೂ ಸೇರಿದೆ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಅಷ್ಟು ಹೊಲಸು ನೀರಿನಲ್ಲಿ ಅದೆಲ್ಲಿಂದ ಬರಬೇಕು? ಮಣ್ಣಿನ ಕಣಗಳಿಗೆ ಅಂಟಿಕೊಂಡ ಅಮೋನಿಯವು, ನದಿಯು ನಾಳೆಯೇ ಶುದ್ಧವಾದರೂ, ಬಹುವರ್ಷಗಳ ಕಾಲ ಮೆಲ್ಲಮೆಲ್ಲನೆ ಬಿಡುತ್ತಲೇ ಇರುವುದು. ಸಿಂಧೂ ನದಿಯ ಕೆಸರಿಗೆ ಸಾಕಾದ ಮರಳು ಯಮುನೆಯ ಚರಂಡಿಗೆ ಸಾಲದು.

ಇನ್ನು ಮನೆಯೊಳಗಿನ ಆರ್.ಓ. ಯಂತ್ರ. ಗುರುಗಾಂವ, ನೋಯ್ಡಾ, ಫರೀದಾಬಾದುಗಳ ಉಪ್ಪುನೀರಿನ ಬಡಾವಣೆಗಳಲ್ಲಿ ಅದರಿಂದ ಉಪಯೋಗವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಲೀಟರು ಕುಡಿಯುವ ನೀರಿಗೆ ಅದು ಬಹುಮಟ್ಟಿಗೆ ಎರಡು ಮೂರು ಲೀಟರನ್ನು ಮೋರಿಗೆ ಬಿಡುತ್ತದೆ. ಉಪ್ಪಿನಂಶ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಮೆಯಿರುವೆಡೆ ಅದನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹೇಳಿದ್ದುದು ಈ ಪೋಲನ್ನು ಕಂಡೇ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಯಂತ್ರವನ್ನು ಕೊಳ್ಳಬಲ್ಲವನು ನಗರದ ನೀರಿನ ಗೊಡವೆಯನ್ನೇ ಬಿಟ್ಟುಬಿಡುತ್ತಾನೆ. ಕೊಳ್ಳಲಾರದವನ ದೂರಿಗೆ ಬಲ ಕುಂದುತ್ತದೆ. ಒಂದು ಕೋಣೆಯಲ್ಲಿ ಐದಾರು ಮಂದಿ ಕೂಡಿರುವ ಹೋಟೆಲು ಕೆಲಸಗಾರನೂ ತಿಂಗಳ ಕೊನೆಗೆ ಕಾಸೆಣಿಸುವ ಗುಮಾಸ್ತನೂ ಕ್ಯಾನಿನ ನೀರಿಗೆ ಹಣ ಕೊಡುತ್ತಾರೆ. ಆ ನೀರು ಎಲ್ಲಿಯದೆಂದು ಬಲ್ಲವರು ಯಾರು? ಸರಕಾರದ ಕರ್ತವ್ಯವೊಂದು ಹೀಗೆ ಬಡವನ ಖರ್ಚಿನ ಪಟ್ಟಿಗೆ ಸೇರಿಹೋಗಿದೆ.

ಕ್ಲೋರಿನ್ನಿಗೂ ಮರಳಿಗೂ ಯಂತ್ರಕ್ಕೂ ಒಂದು ಮೇರೆಯಿದೆ. ಆ ಮೇರೆಯನ್ನು ಮೀರುವಷ್ಟು ಕೊಳೆಯನ್ನು ನದಿಗೆ ಬಿಟ್ಟು, ಆಮೇಲೆ ಶುದ್ಧೀಕರಣದ ಮಾತಾಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆಯೇ ಸರಿ. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರು ಯಮುನೆಯ ಉದ್ದದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಆದರೆ ನದಿಯ ಮಾಲಿನ್ಯದ ಬಹುಪಾಲು ಬೀಳುವುದು ಅಲ್ಲಿಯೇ. ಕುಡಿಯುವ ನೀರನ್ನು ಕೆಡಿಸುವುದು ವಜೀರಾಬಾದಿನ ಮೇಲೆ, ಪಾನೀಪತ, ಸೋನೀಪತಗಳ ಕಡೆಯಿಂದ ಬರುವ ಕೊಳೆ. ಎರಡು ಕಡೆಯೂ ಹೊಲಸನ್ನು ಕಾಲುವೆಯ ಬಾಯಿಗೆ ಬರುವ ಮೊದಲೇ ಸಂಸ್ಕರಿಸಬೇಕು; ಒಳಚರಂಡಿಯಿಲ್ಲದ ಬಡಾವಣೆಗಳಿಗೆ ಅದನ್ನು ಕಲ್ಪಿಸಬೇಕು. ಕೊಳಾಯಿಯಲ್ಲಿ ಸದಾ ಒತ್ತಡವಿರುವಂತೆಯೂ ನೋಡಿಕೊಳ್ಳಬೇಕು. ನೀರು ನಿಂತ ಗಳಿಗೆಯಲ್ಲಿ ಬಿರುಕುಬಿಟ್ಟ ಕೊಳವೆಯು ಪಕ್ಕದ ಮೋರಿಯನ್ನು ಒಳಗೆಳೆದುಕೊಳ್ಳುತ್ತದೆಂಬುದು ಎಂಜಿನಿಯರರಿಗೆ ಹೊಸ ವಿಷಯವಲ್ಲ.

ಅಲ್ಲಿಯವರೆಗೆ ನಮ್ಮವರು ಕೈಕಟ್ಟಿ ಕೂರಬೇಕಾಗಿಲ್ಲ. ಕೊಳಾಯಿಯ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಕ್ಲೋರಿನ್ನು ಉಳಿದಿರಬೇಕೆಂಬುದು ನಿಯಮ. ಕೆಲವು ಹನಿ ದ್ರಾವಣದ ಬಣ್ಣದಿಂದ ಯಾರೂ ಅದನ್ನು ನೋಡಬಹುದು. ದಿಲ್ಲಿಯ ಕನ್ನಡ ಸಂಘಗಳು ಬಡಾವಣೆವಾರು ಇಂಥ ಪರೀಕ್ಷೆಯನ್ನು ಕೈಗೊಂಡು, ಅಂಕಿಗಳನ್ನು ಜಲ ಮಂಡಳಿಯ ಮುಂದಿಟ್ಟರೆ, ಗೊಣಗಾಟಕ್ಕಿಲ್ಲದ ತೂಕ ಅದಕ್ಕೆ ಬರುವುದು. ಅನುಮಾನವಿದ್ದಾಗ ನೀರನ್ನು ಚೆನ್ನಾಗಿ ಕುದಿಸಬೇಕು. ಕುದಿತದಿಂದ ಉಪ್ಪು ಹೋಗದಿದ್ದರೂ ರೋಗಾಣು ಸಾಯುತ್ತದೆ. ಮನೆಯಲ್ಲಿ ಗರ್ಭಿಣಿಯಿದ್ದರೆ ಈ ವಿಷಯದಲ್ಲಿ ಉದಾಸೀನ ಸಲ್ಲದು. ಹೋಟೆಲಿನಲ್ಲಿ ದುಡಿಯುವವರಿಗೆ ಇನ್ನೂ ಒಂದು ಹೊಣೆಯಿದೆ. ಗಿರಾಕಿಯ ಮುಂದಿಡುವ ಲೋಟದ ನೀರು ಅವರ ಕೈಯಿಂದಲೇ ಹೋಗುವುದರಿಂದ, ತೊಟ್ಟಿಯನ್ನು ತೊಳೆಸಿರೆಂದು ಮಾಲೀಕನನ್ನು ಕೇಳುವ ಹಕ್ಕು ಅವರಿಗುಂಟು. ಅದನ್ನು ಅಧಿಕಪ್ರಸಂಗವೆನ್ನುವ ಮಾಲೀಕನು ತನ್ನ ಹೋಟೆಲಿನ ಹಿತವನ್ನೇ ಅರಿಯದವನು.