ಮುರಿದ ಕೊಡೆಗೆ ರೆಕ್ಕೆ ಬಂತು

ಅಮೆರಿಕಕ್ಕೆ ಓದಲು ಬಂದವರಿಗೆ ಮೊದಲ ವರ್ಷ ವಿಚಿತ್ರವೆನಿಸುವುದು ಹ್ಯಾಲೋವೀನ್. ಅಕ್ಟೋಬರ್ 31ರ ಸಂಜೆ ಮಕ್ಕಳು ಭೂತ, ಮಾಟಗಾತಿ, ಸಿನಿಮಾ ಹೀರೊಗಳ ವೇಷ ತೊಟ್ಟು, ‘ಟ್ರಿಕ್ ಆರ್ ಟ್ರೀಟ್’ ಎನ್ನುತ್ತ ಮನೆಮನೆಯಲ್ಲಿ ಚಾಕೊಲೇಟ್ ಕೇಳುತ್ತಾರೆ. ಸೆಪ್ಟೆಂಬರಿನಲ್ಲೇ ಅಂಗಡಿಗಳಲ್ಲಿ ರೆಡಿಮೇಡ್ ವೇಷಗಳು ನೇತಾಡುತ್ತಿರುತ್ತವೆ. ಹೆಚ್ಚಿನವು ತೆಳು ಪಾಲಿಯೆಸ್ಟರ್. ಮುಂದಿನ ವರ್ಷಕ್ಕೆ ಮಗು ಬೆಳೆದಿರುತ್ತದೆ, ವೇಷ ಕಸದ ಡಬ್ಬಿ ಸೇರುತ್ತದೆ.

ವೇಷವನ್ನು ಮನೆಯ ಹಳೆಯ ಬಟ್ಟೆಯಲ್ಲೇ ಮಾಡಬೇಕು ಎಂಬುದು ನನ್ನ ವಾದ. ದುಡ್ಡು ಉಳಿಯುತ್ತದೆ, ನಿಜ. ಆದರೆ ನಾನು ಹೇಳಹೊರಟಿದ್ದು ಬೇರೆ.

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳಿಗೆ ಆರು ವರ್ಷ. ಕಳೆದ ಸಲ ಅವಳಿಗೆ ಬಾವಲಿ ಆಗಬೇಕಿತ್ತು. ಮನೆಯಲ್ಲಿ ಗಾಳಿಗೆ ಮುರಿದ ಕಪ್ಪು ಕೊಡೆಯೊಂದಿತ್ತು. ಹಿಡಿ ತೆಗೆದು, ಬಟ್ಟೆಯನ್ನು ಕಡ್ಡಿಗಳ ಸಮೇತ ಎರಡು ಹೋಳು ಮಾಡಿ, ಅವಳ ಕಪ್ಪು ಹೂಡಿಯ ತೋಳಿಗೂ ಪಕ್ಕೆಗೂ ಹೊಲಿದೆವು. ಕಡ್ಡಿಯ ತುದಿ ಚುಚ್ಚದಂತೆ ಚಿಂದಿ ಸುತ್ತಿದೆವು. ಜೋಡಿ ತಪ್ಪಿದ ಕಾಲುಚೀಲಗಳೇ ಕಿವಿ. ಕೊಡೆಯ ಕಡ್ಡಿ ಯಾಕೆ ಬೇಕು ಎಂದು ಕೇಳಿದವಳಿಗೆ ಪುಸ್ತಕ ತೆಗೆದು ತೋರಿಸಿದೆ: ಬಾವಲಿಯ ರೆಕ್ಕೆಯೊಳಗೆ ಇರುವುದು ಅದರ ಬೆರಳಿನ ಮೂಳೆಗಳು. ಅವಳು ತನ್ನ ಬೆರಳು ಅಗಲಿಸಿ ಬಹಳ ಹೊತ್ತು ನೋಡಿಕೊಂಡಳು. ಪ್ಯಾಕೆಟ್ಟಿನಿಂದ ತೆಗೆದ ವೇಷದಲ್ಲಿ ಇಂಥದ್ದು ಎಲ್ಲಿ ಸಿಗುತ್ತದೆ?

ಇಲ್ಲಿ ಅಕ್ಟೋಬರ್ ಕೊನೆಯ ಸಂಜೆ ಚಳಿ ಚೆನ್ನಾಗಿಯೇ ಇರುತ್ತದೆ. ತೆಳು ವೇಷದ ಮಕ್ಕಳು ಮೇಲೊಂದು ಜಾಕೆಟ್ ಹಾಕಿಕೊಂಡರೆ ಸ್ಪೈಡರ್‌ಮ್ಯಾನ್ ಕಾಣುವುದೇ ಇಲ್ಲ. ನಮ್ಮ ಬಾವಲಿ ಬೆಚ್ಚಗಿತ್ತು. ಮುಖವಾಡ ಕಣ್ಣಿಗೆ ಅಡ್ಡ, ಬಣ್ಣವೇ ಮೇಲು ಎಂದು ಇಲ್ಲಿನ ಮಕ್ಕಳ ವೈದ್ಯರೂ ಹೇಳುತ್ತಾರೆ. ಅಕ್ಕನ ಕಾಡಿಗೆ ಆ ಕೆಲಸ ಮಾಡಿತು. ಕತ್ತಲಲ್ಲಿ ಕಾರಿನವರಿಗೆ ಕಾಣಲೆಂದು ಭಾವನ ಹಳೆಯ ಸೈಕಲ್ ಜಾಕೆಟ್ಟಿನ ಹೊಳೆಯುವ ಪಟ್ಟಿ ಕಿತ್ತು ಬೆನ್ನಿಗೆ ಹೊಲಿದೆವು.

ಅಪ್ಪ, ಅಮ್ಮ ಇಬ್ಬರೂ ದುಡಿಯುವ ಮನೆಯಲ್ಲಿ ಇದಕ್ಕೆಲ್ಲ ಪುರುಸೊತ್ತು ಎಲ್ಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಂಥವರು ಪಕ್ಕದ ಮನೆಯವರ ಹಳೆಯ ವೇಷ ಕೇಳಿ ಪಡೆಯಲಿ, ನಾಚಿಕೆ ಯಾಕೆ? ನನಗೆ ಹಿಡಿಸದಿರುವುದು ಇನ್ನೊಂದು ಬಗೆ. ‘ರೀಸೈಕಲ್ ವೇಷ’ ಎನ್ನುತ್ತ ಅಂಟಿನ ಗನ್ನು, ಫೆಲ್ಟ್ ಹಾಳೆ, ಮಿನುಗುಪುಡಿ ಎಂದು ಬುಟ್ಟಿ ತುಂಬ ಖರೀದಿಸಿ, ಮಗು ಮಲಗಿದ ಮೇಲೆ ಮಧ್ಯರಾತ್ರಿವರೆಗೆ ಹೊಲಿದು ಇನ್‌ಸ್ಟಾಗ್ರಾಂಗೆ ಹಾಕುವುದು. ಅದು ದೊಡ್ಡವರ ಹಬ್ಬ. ನಮ್ಮೂರ ಶಾಲೆಗಳ ಛದ್ಮವೇಷವೂ ಹತ್ತಿಯ ಗಡ್ಡ, ರಟ್ಟಿನ ಕಿರೀಟ ಬಿಟ್ಟು ಬಾಡಿಗೆ ಅಂಗಡಿಯತ್ತ ಹೊರಟಿದೆಯಲ್ಲ, ಅಲ್ಲೂ ಇದೇ ಕಥೆ.

ನಮ್ಮ ಬಾವಲಿಯ ಎಡ ರೆಕ್ಕೆ ಜೋತುಬಿದ್ದಿತ್ತು. ‘ಅದು ಈಗ ಲ್ಯಾಂಡ್ ಆಗ್ತಿದೆ’ ಎಂದು ಪ್ರತಿ ಬಾಗಿಲಲ್ಲೂ ಅವಳೇ ವಿವರಿಸಿದಳು. ನವೆಂಬರ್ 1ರಂದು ಹೊಲಿಗೆ ಬಿಚ್ಚಿ, ಅದೇ ಹೂಡಿ ತೊಟ್ಟು ಶಾಲೆಗೆ ಹೋದಳು.